ಪಾದ ಪ್ರಕರಣ

ಷಟ್ಪದಿಯ ಲಕ್ಷಣವನ್ನು ಹೇಳಿಕೊಡುವಾಗ ನಾನು ಪ್ರತಿ ವರ್ಷವೂ ತಪ್ಪದೆ ಆಡುವ ಮಾತೊಂದುಂಟು: ಆರು ಪಾದಗಳಲ್ಲಿ ಒಂದು, ಎರಡು, ನಾಲ್ಕು, ಐದು ತಮ್ಮ ತಮ್ಮಲ್ಲಿ ಸಮಾನ, ಮೂರನೆಯದೂ ಆರನೆಯದೂ ಮಾತ್ರ ದೊಡ್ಡವು. ಭಾಮಿನಿಯಲ್ಲಿ ಚಿಕ್ಕ ಪಾದಕ್ಕೆ 14 ಮಾತ್ರೆಗಳಾದರೆ ದೊಡ್ಡದಕ್ಕೆ 23. ಹನ್ನೊಂದು ವರ್ಷಗಳಿಂದ ಹೀಗೆ ಹೇಳುತ್ತ ಬಂದಿದ್ದರೂ, ಪಾದವೆಂಬುದು ನಿಜವಾಗಿಯೂ ಹಿಗ್ಗುವ ವಸ್ತುವೆಂದು ನನಗೆ ತಿಳಿದುಬಂದದ್ದು 2024ರ ಏಪ್ರಿಲ್ ತಿಂಗಳಲ್ಲಿ, ಅಣ್ಣಿಗೇರಿಯಿಂದ ನಮ್ಮೂರಿಗೆ ಹೋಗುವ ದಾರಿಯಲ್ಲಿ, ಮಧ್ಯಾಹ್ನದ ಹನ್ನೆರಡೂವರೆಗೆ, ಒಂದು ಜಾಲಿಯ ಗಿಡದ ಬುಡದಲ್ಲಿ. ಬೂಟನ್ನು ಬಿಚ್ಚಿದೆ; ಮತ್ತೆ ಹಾಕಿಕೊಳ್ಳಲು ಹೋದರೆ ಕಾಲು ಒಳಗೆ ಹೋಗಲೊಲ್ಲದು! ಬೆಳಿಗ್ಗೆ ಹದಿನಾಲ್ಕು ಮಾತ್ರೆಯಾಗಿ ಮನೆ ಬಿಟ್ಟಿದ್ದ ಪಾದ ಇಪ್ಪತ್ತಮೂರು ಮಾತ್ರೆಯಾಗಿ ಕುಳಿತಿತ್ತು.

ನಾನು ಅಣ್ಣಿಗೇರಿಯ ಒಂದು ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕ. ಆದಿಕವಿ ಪಂಪನ ತಾಯಿಯ ಕಡೆಯ ನಂಟು ಈ ಊರಿಗುಂಟೆಂದು ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನ ಹೇಳುವುದರಿಂದ, ಇಲ್ಲಿ ಕನ್ನಡ ಕಲಿಸುವವನಿಗೆ ಸಂಬಳದ ಹೊರತಾಗಿ ಸ್ವಲ್ಪ ಜಂಬವೂ ದೊರೆಯುತ್ತದೆ. ತಂದೆತಾಯಿಗಳು ನವಲಗುಂದ ತಾಲೂಕಿನ ನಮ್ಮ ಹಳ್ಳಿಯಲ್ಲಿಯೇ ಇದ್ದಾರೆ. ಹೋಗುವುದಕ್ಕೆ 24 ಕಿಲೋಮೀಟರು, ಬರುವುದಕ್ಕೆ ಅಷ್ಟೇ. ಮೂವತ್ತೈದು ದಾಟಿದ ಮೇಲೆ ಅಂಗಿಯ ಗುಂಡಿಗಳು ನನ್ನೊಡನೆ ಅಸಹಕಾರ ಹೂಡತೊಡಗಿದ್ದರಿಂದ, ರವಿವಾರಗಳಂದು ಬಸ್ಸನ್ನು ಬಿಟ್ಟು ಸೈಕಲ್ಲಿನ ಮೇಲೆಯೇ ಊರಿಗೆ ಹೋಗಿಬರುವುದೆಂದು ನಿಶ್ಚಯಿಸಿದೆ. ಹುಬ್ಬಳ್ಳಿಗೆ ಹೋಗಿ ಗೇರುಗಳುಳ್ಳ ಒಂದು ಸೈಕಲ್ಲನ್ನು ಕೊಂಡೆ. ಅಂಗಡಿಯವನು ಅದಕ್ಕೆ ಒಪ್ಪುವಂಥದೆಂದು ಒಂದು ಜೊತೆ ಬೂಟುಗಳನ್ನೂ ದಾಟಿಸಿದ. ನೋಡಲು ಬಲು ಚೆಲುವು. ಮೂತಿ ಚೂಪು, ನಡು ಸಣ್ಣ, ಅಟ್ಟೆ ಹಪ್ಪಳದಷ್ಟು ಮಿದು. ಮನೆಯಾಕೆ ಅವನ್ನು ತಿರುಗಿಸಿ ತಿರುಗಿಸಿ ನೋಡಿ, "ಇವು ನಿಮ್ಮವೋ, ನಾಟಕದ ರಾಜಕುಮಾರನವೋ?" ಎಂದು ಕೇಳಿದಳು. ಆ ಪ್ರಶ್ನೆಯಲ್ಲಿದ್ದ ವಿವೇಕವನ್ನು ನಾನು ಆಗ ಗುರುತಿಸಲಿಲ್ಲ.

ನಮ್ಮ ಕಡೆಯ ಎರೆ ಸೀಮೆಯನ್ನು ಕಾಣದ ವಾಚಕರಿಗೆ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಈ ಕರಿಯ ಮಣ್ಣು ಕಾಲನ್ನು ಹಿಡಿದುಕೊಂಡು ಬಿಡುವುದಿಲ್ಲ. ಬೇಸಗೆಯಲ್ಲಿ ಬಾಯಿ ಬಿಟ್ಟು ಕಾಲನ್ನೇ ನುಂಗುವಷ್ಟು ಬಿರಿಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ನಾಡಿನ ಬಹುಭಾಗಕ್ಕೆ ಬರ ಬಿದ್ದಿದ್ದರಿಂದ ಮುಂದಿನ ಬೇಸಗೆಯ ಬಿರುಕುಗಳು ಇನ್ನೂ ಆಳವಾಗಿದ್ದವು. ಕಣ್ಣು ಹರಿಯುವವರೆಗೂ ಬಯಲು. ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ಬೆಣ್ಣೆಹಳ್ಳಕ್ಕೆ ಆ ಹೆಸರನ್ನಿಟ್ಟವರು ಅದನ್ನು ಏಪ್ರಿಲ್ಲಿನಲ್ಲಿ ನೋಡಿರಲಾರರು. ಬಿಸಿಲು ನಲವತ್ತು ಡಿಗ್ರಿಯ ಸುತ್ತ ಸುಳಿಯುತ್ತಿರುವಾಗ ಡಾಂಬರಿನ ರಸ್ತೆ ಕೆಳಗಿನಿಂದಲೂ ಒಲೆ ಹೂಡುತ್ತದೆ. ಸೈಕಲ್ಲಿನವನು ಎರಡರ ನಡುವೆ ರೊಟ್ಟಿಯಂತೆ ಬೇಯುತ್ತಾನೆ.

ಮೊದಲ ಹತ್ತು ಕಿಲೋಮೀಟರುಗಳಲ್ಲಿ ಪಾದಗಳು ಇವೆಯೆಂಬುದೇ ನೆನಪಿರುತ್ತಿರಲಿಲ್ಲ. ಹನ್ನೆರಡಕ್ಕೆ ಬೆರಳುಗಳ ಬುಡದಲ್ಲಿ ಇರುವೆ ಹರಿದಾಡಿದಂತಾಗುತ್ತಿತ್ತು. ಹದಿನೈದಕ್ಕೆ ಇರುವೆಗಳು ಕೆಂಜಿಗಗಳಾಗುತ್ತಿದ್ದವು. ಹದಿನೆಂಟರಿಂದಾಚೆಗೆ ಬೂಟಿನೊಳಗೆ ಯಾರೋ ಕೆಂಡವನ್ನು ತುಂಬಿ ದಾರ ಬಿಗಿದಂತೆ ಉರಿ. ವೀರಭದ್ರನ ಜಾತ್ರೆಯಲ್ಲಿ ಅಗ್ಗಿ ಹಾಯುವವರನ್ನು ನಾನು ಚಿಕ್ಕಂದಿನಿಂದ ಭಯಭಕ್ತಿಯಿಂದ ನೋಡಿದ್ದೇನೆ. ಆದರೆ ಅವರು ನಾಲ್ಕು ಹೆಜ್ಜೆಗಳಲ್ಲಿ ಆಚೆಯ ದಡವನ್ನು ಮುಟ್ಟುತ್ತಾರೆ. ನನ್ನ ಅಗ್ಗಿ ಆರು ಕಿಲೋಮೀಟರು ಉದ್ದವಾಗಿತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಿನಲ್ಲಿ ನಡೆಯುವ ಮುದುಕಿಯರನ್ನು ನೆನೆದು ನನಗೆ ನಾಚಿಕೆಯೂ ಆಗುತ್ತಿತ್ತು. ನಾಚಿಕೆಯಿಂದ ಉರಿ ಕಡಿಮೆಯಾಗಲಿಲ್ಲ.

'ಅಂಗಾಲು' ಎಂಬುದು ಅಂಶಿ ಸಮಾಸ. ಕಾಲಿನ ಅಡಿ ಅಂಗಾಲು, ಕಾಲಿನ ಮುಂದು ಮುಂಗಾಲು. ಇಡಿಯದರ ಒಂದು ಅಂಶವನ್ನಷ್ಟೇ ಹೇಳುವ ಸಮಾಸವಿದು ಎಂದು ನಾವು ಕಲಿಸುತ್ತೇವೆ. ಆದರೆ ಉರಿಯುವ ಹೊತ್ತಿನಲ್ಲಿ ಅಂಶವೇ ಇಡಿಯದಾಗಿಬಿಡುತ್ತದೆ. ಮನುಷ್ಯನಿಗೆ ಅಂಗಾಲಿನ ಹೊರತು ಬೇರೆ ಅಂಗವೇ ಇರುವುದಿಲ್ಲ. ವ್ಯಾಕರಣ ಇದನ್ನು ಎಲ್ಲಿಯೂ ಹೇಳಿಲ್ಲ.

ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ರೋಗವೊಂದನ್ನು ಹೇಳಿಕೊಂಡರೆ ಸಾಕು, ಔಷಧಿಗೆ ಕೊರತೆಯಿಲ್ಲ. ಇತಿಹಾಸದವರು ಔಡಲೆಣ್ಣೆ ಎಂದರು. ಅರ್ಥಶಾಸ್ತ್ರದವರು ಕಾಲುಚೀಲವನ್ನು ನೀರಿನಲ್ಲಿ ಅದ್ದಿ ಹಾಕಿಕೊಳ್ಳಿರೆಂದರು, ಹಾಗೆಯೇ ಮಾಡಿದೆ. ಐದು ಕಿಲೋಮೀಟರಿನವರೆಗೆ ಸ್ವರ್ಗಸುಖ. ಅನಂತರ ನೆನೆದು ಮೆತ್ತಗಾದ ಚರ್ಮ ಬೂಟಿಗೆ ತಿಕ್ಕಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ಅಟೆಂಡರನ ಹೆಂಡತಿ ಮದರಂಗಿಯ ಸೊಪ್ಪನ್ನು ಅರೆದು ಕಳಿಸಿದ್ದಳು. ಅದು ತಂಪೇನೋ ಹೌದು. ಆದರೆ ಮರುದಿನ ಚಪ್ಪಲಿಯಲ್ಲಿ ತರಗತಿಗೆ ಹೋದ ನನ್ನ ಕೆಂಪಡಿಗಳನ್ನು ಕಂಡು ಮುಂದಿನ ಸಾಲಿನ ಹುಡುಗಿಯರು ನಕ್ಕ ನಗೆಗೆ, ಆ ದಿನ ಹೇಳಬೇಕಾಗಿದ್ದ ಶೃಂಗಾರರಸದ ಪದ್ಯವನ್ನು ಬಿಟ್ಟು ನಾನು ವಿಭಕ್ತಿ ಪ್ರತ್ಯಯಗಳಿಗೆ ಶರಣು ಹೋಗಬೇಕಾಯಿತು.

ಬಿಸಿಲೇ ಕಾರಣವೆಂದು ಎಲ್ಲರೂ ಹೇಳಿದ್ದರಿಂದ ನಾನು ಒಂದು ಪರೀಕ್ಷೆಯನ್ನು ಮಾಡಿದೆ. ಒಂದು ರವಿವಾರ ನಸುಕಿನಲ್ಲಿಯೇ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೊರಟೆ. ಸವಾಯಿ ಗಂಧರ್ವರ ಊರದು. ಅವರ ಬಳಿ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರೆಂದು ಕೇಳಿದ್ದೇನೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಆ ಮಹಾತಾಯಿಯ ವಿವೇಕದ ಮೇಲೆ ನನಗೆ ಅಪಾರ ಗೌರವ ಉಂಟಾಯಿತು. ಮತ್ತೊಂದು ರವಿವಾರ ಕಲಘಟಗಿಯ ಕಡೆಗೆ ಹೋದೆ. ನಮ್ಮ ಜಿಲ್ಲೆಯ ಪೂರ್ವಕ್ಕೆ ಎರೆಯ ಬಯಲಿದ್ದರೆ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಬಣ್ಣದ ತೊಟ್ಟಿಲು ಮಾಡುವ ಕಲಘಟಗಿಗೆ ಹೋಗುವ ದಾರಿಯಲ್ಲಿ ಮರಗಳುಂಟು, ನೆರಳುಂಟು, ಗಾಳಿಯಲ್ಲಿ ಒಂದಿಷ್ಟು ಕರುಣೆಯೂ ಉಂಟು. ಅಲ್ಲಿಯೂ ಉರಿ ಬಂದಿತು. ಬಯಲಿನಲ್ಲಿ ಹನ್ನೆರಡನೆಯ ಕಿಲೋಮೀಟರಿಗೆ ಬರುತ್ತಿದ್ದದ್ದು ನೆರಳಿನಲ್ಲಿ ಇಪ್ಪತ್ತಕ್ಕೆ ಬಂದಿತು, ಅಷ್ಟೇ. ಅಂದರೆ ಬಿಸಿಲು ಒಲೆಗೆ ಗಾಳಿ ಊದುತ್ತಿತ್ತೇ ಹೊರತು ಬೆಂಕಿ ಹಚ್ಚಿದ್ದು ಬೇರೆಯದೇ. ಯಾವುದದು?

ಅದನ್ನು ತಿಳಿಯುವ ಮುನ್ನ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು.

ಏಪ್ರಿಲ್ಲಿನ ಮೂರನೆಯ ರವಿವಾರ ನಾನು ಊರನ್ನು ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಕಟ್ಟೆಯ ಮೇಲೆ ಕುಳಿತು ಬೂಟು ಬಿಚ್ಚಿ, ಅವ್ವ ತಂದುಕೊಟ್ಟ ಮಜ್ಜಿಗೆಯನ್ನು ಕುಡಿಯುತ್ತ, ಅಂಗಾಲುಗಳನ್ನು ತಣ್ಣನೆಯ ಕಲ್ಲಿಗೆ ಒತ್ತಿಕೊಂಡು ನರಳುತ್ತಿದ್ದೆ. ಅಪ್ಪ ಹೊಲದಿಂದ ಬಂದು ಪಡಸಾಲೆಯ ಜಮಖಾನದ ಮೇಲೆ ಅಡ್ಡಾದ. ನಮ್ಮ ನವಲಗುಂದದ ಹೆಂಗಸರು ನೇಯ್ದ ಜಮಖಾನ. ನನ್ನ ತಂಗಿಯ ಲಗ್ನದಲ್ಲಿ ಕೊಂಡದ್ದು. ಅದರಲ್ಲಿ ಕೆಂಪು ಬಣ್ಣವೂ ಉಂಟು. ಆದುದರಿಂದ ಅಪ್ಪನ ಎಡಗಾಲಿನ ಕೆಳಗೆ ಕೆಂಪು ಹರಡುತ್ತಿರುವುದು ಮೊದಲು ಯಾರ ಕಣ್ಣಿಗೂ ಬೀಳಲಿಲ್ಲ. ಬಿಳಿಯ ಪಟ್ಟಿಗೆ ಬಂದಾಗ ನಾನು ಕಂಡೆ.

"ಅಪ್ಪಾ, ಕಾಲಿಗೆ ಏನಾತು?"

"ಏನಾಗೇತಿ?" ಎಂದು ಆತನೇ ನನ್ನನ್ನು ಕೇಳಿದ.

ಚಪ್ಪಲಿಯನ್ನು ನೋಡಿದೆವು. ಅಟ್ಟೆಯನ್ನು ತೂರಿ ಹೆಬ್ಬೆಟ್ಟಿನಷ್ಟು ಉದ್ದದ ಜಾಲಿಮುಳ್ಳೊಂದು ಮೇಲೆ ಎದ್ದು ನಿಂತಿತ್ತು. ಹೊಲದಿಂದ ಮನೆಗೆ ಒಂದೂವರೆ ಕಿಲೋಮೀಟರು. ಅಷ್ಟು ದಾರಿಯನ್ನೂ ಆತ ಆ ಮುಳ್ಳಿನ ಮೇಲೆ ಹೆಜ್ಜೆಯಿಟ್ಟು ನಡೆದುಕೊಂಡು ಬಂದಿದ್ದ, ಗೊತ್ತಾಗಿರಲಿಲ್ಲ. ಮುಳ್ಳಿನ ಮೊನೆ ಕಿರುಬೆರಳಿನ ಬುಡದಲ್ಲಿ ಹೊಕ್ಕಿತ್ತು.

"ಯಾವಾಗಿನಿಂದ ಹಿಂಗ?" ಎಂದೆ.

"ಹತ್ತಿ ತುಂಬಿದಂಗ ಅಕ್ಕಾವ ತಮ್ಮಾ ಕಾಲು. ಎರಡು ವರ್ಸ ಆತು. ನೆಲದ ಮ್ಯಾಲ ಇಟ್ಟರೂ ಅಷ್ಟ, ಹಾಸಿಗಿ ಮ್ಯಾಲ ಇಟ್ಟರೂ ಅಷ್ಟ. ತ್ರಾಸ ಏನಿಲ್ಲ."

ಅಪ್ಪನಿಗೆ ಸಕ್ಕರೆ ರೋಗ ಬಂದು ಹದಿನಾಲ್ಕು ವರ್ಷ. ಗುಳಿಗೆಯನ್ನು ನೆನಪಾದಾಗ ನುಂಗುತ್ತಾನೆ. ಬೆಲ್ಲದ ಚಹವನ್ನು ಮಾತ್ರ ಮರೆಯುವುದಿಲ್ಲ. ಅವ್ವ ಆಗ ಬಾಗಿಲಿಗೆ ಒರಗಿ ನಿಂತು ಹೇಳಿದಳು: ಮೊದಮೊದಲು ಅಪ್ಪನ ಅಂಗಾಲುಗಳು ರಾತ್ರಿಯಿಡೀ ಉರಿಯುತ್ತಿದ್ದವಂತೆ. ಹೊದಿಕೆ ತಗುಲಿದರೂ ಬೈಯುತ್ತಿದ್ದನಂತೆ. ಅವಳು ತುಪ್ಪ ಸವರಿ, ಕಂಚಿನ ಬಟ್ಟಲಿನಿಂದ ತಿಕ್ಕಿ ತಿಕ್ಕಿ, ಎರಡು ಮೂರು ವರ್ಷ ಸೇವೆ ಮಾಡಿದಳು. ಆಮೇಲೆ ಒಂದು ಸಲ ಉರಿ ತಾನಾಗಿಯೇ ನಿಂತುಹೋಯಿತು. ನಿಂತಿತೆಂದು ಅವಳು ಸಂತೋಷಪಟ್ಟು ನವಲಗುಂದಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಿದ್ದಳು.

ಆ ಸಂಜೆ ನಾನು ಅಣ್ಣಿಗೇರಿಗೆ ಹಿಂದಿರುಗಿದ್ದನ್ನು ಮರೆಯಲಾರೆ. ಹದಿನೈದನೆಯ ಕಿಲೋಮೀಟರಿಗೆ ಉರಿ ಎಂದಿನಂತೆ ಹಾಜರಾಯಿತು. ಆದರೆ ಅಂದು ಅದು ಬೂಟಿನ ಸಂಗತಿಯಾಗಿ ಉಳಿದಿರಲಿಲ್ಲ. ಅಪ್ಪನ ಮೂಗು ನನಗೆ ಬಂದಿದೆ. ಅಪ್ಪನ ಬಕ್ಕತಲೆ ಬರುತ್ತಲಿದೆ. ಈ ಉರಿಯೂ ಅಲ್ಲಿಂದಲೇ ಬಂದದ್ದಾದರೆ? ಮೊದಲು ಉರಿ, ಅನಂತರ ಹತ್ತಿ, ಅನಂತರ ಮುಳ್ಳು. ರಸ್ತೆಯ ಬದಿಗೆ ಸೈಕಲ್ಲನ್ನು ನಿಲ್ಲಿಸಿ, ಕತ್ತಲಾಗುತ್ತಿರುವ ಆ ಬಯಲಿನಲ್ಲಿ ಬೂಟುಗಳನ್ನು ಬಿಚ್ಚಿ, ಒಂದು ಕಡ್ಡಿಯಿಂದ ನನ್ನ ಹತ್ತೂ ಬೆರಳುಗಳನ್ನು ಒಂದೊಂದಾಗಿ ಚುಚ್ಚಿ ನೋಡಿಕೊಂಡೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹುಡುಗನೊಬ್ಬ ನಿಂತು ನೋಡಿ, ಏನನ್ನೂ ಕೇಳದೆ ಮುಂದೆ ಹೋದ.

ಮರುದಿನವೇ ಅಪ್ಪನನ್ನು ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಡಾಕ್ಟರರು ಒಂದು ಹಿಡಿಗೆ ಸಿಕ್ಕಿಸಿದ ಸಣ್ಣ ನೈಲಾನಿನ ಎಳೆಯನ್ನು ತೆಗೆದರು. ಹತ್ತು ಗ್ರಾಮಿನಷ್ಟು ಒತ್ತಡ ಬಿದ್ದ ಕೂಡಲೇ ಬಾಗುವ ಎಳೆ ಅದು. ಅಪ್ಪನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಅಂಗಾಲಿನಲ್ಲಿ ಅಲ್ಲಲ್ಲಿ ಒತ್ತಿ, "ಮುಟ್ಟಿದ್ದು ಗೊತ್ತಾದರೆ ಹೇಳ್ರಿ" ಎಂದರು. ಅಪ್ಪ ಆಜ್ಞಾಧಾರಕ ವಿದ್ಯಾರ್ಥಿಯಂತೆ ಕಣ್ಣು ಮುಚ್ಚಿಕೊಂಡು ಕಾದ. ಡಾಕ್ಟರರು ಎಂಟು ಹತ್ತು ಕಡೆ ಒತ್ತಿ ಮುಗಿಸಿ, ಎಳೆಯನ್ನು ಮೇಜಿನ ಮೇಲಿಟ್ಟರು. ಅಪ್ಪ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ. "ಚಾಲೂ ಮಾಡ್ರಲಾ" ಎಂದ.

ದೇಹದ ನರಗಳಲ್ಲೆಲ್ಲ ಅತಿ ಉದ್ದವಾದವು ಪಾದಕ್ಕೆ ಹೋಗುವವು. ರಕ್ತದಲ್ಲಿ ಸಕ್ಕರೆ ಬಹುಕಾಲ ಮಿತಿಮೀರಿದರೆ ಸಾಮಾನ್ಯವಾಗಿ ಮೊದಲು ಕೆಡುವವೂ ಅವೇ. ಕೆಡುವಾಗ ಹಲವರಿಗೆ ಉರಿ, ಜುಮುಜುಮು. ಅದು ಹೆಚ್ಚಾಗಿ ರಾತ್ರಿ ಮಲಗಿದ ಮೇಲೆ ಕಾಡುತ್ತದೆ. ಪೂರ್ತಿ ಕೆಟ್ಟ ಮೇಲೆ ಉರಿಯೂ ಇಲ್ಲ, ನೋವೂ ಇಲ್ಲ. ಡಾಕ್ಟರರು ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದರು. ಅವ್ವನ ಕಾಯಿಯ ಕಥೆಯನ್ನು ನಾನು ಅವರಿಗೆ ಹೇಳಲಿಲ್ಲ.

ಬದಲಿಗೆ, ಅಪ್ಪನನ್ನು ಗಾಯ ತೊಳೆಯುವ ಕೋಣೆಗೆ ಕರೆದುಕೊಂಡು ಹೋದಾಗ, ತಗ್ಗಿದ ದನಿಯಲ್ಲಿ ನನ್ನ ಉರಿಯ ಕಥೆಯನ್ನು ಹೇಳಿದೆ. ಅವರು ಅದೇ ಎಳೆಯನ್ನು ನನ್ನ ಪಾದಕ್ಕೂ ಒತ್ತಿದರು. ಒತ್ತಿದಲ್ಲೆಲ್ಲ ನಾನು "ಗೊತ್ತಾತು, ಗೊತ್ತಾತು" ಎಂದು ಅಗತ್ಯಕ್ಕಿಂತ ಗಟ್ಟಿಯಾಗಿ ಕೂಗಿದೆನೆಂದು ಕಾಣುತ್ತದೆ. ನರ್ಸು ಬಾಗಿಲಿನಿಂದ ಇಣುಕಿ ನೋಡಿದಳು. ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟೆ. 126ಕ್ಕೆ ಮುಟ್ಟಿದರೆ ರೋಗ, 100ರೊಳಗೆ ಕ್ಷೇಮ. ನನ್ನದು 92 ಎಂದು ಬಂದಿತು. ಎಂ.ಎ. ಪರೀಕ್ಷೆಯ ಯಾವ ಅಂಕವೂ ನನಗೆ ಅಷ್ಟು ಸಂತೋಷವನ್ನು ಕೊಟ್ಟಿರಲಿಲ್ಲ.

"ಉರಿ ಯಾವಾಗ ಬರತದ?" ಎಂದು ಡಾಕ್ಟರರು ಕೇಳಿದರು.

"ಸೈಕಲ್ಲಿನ ಮೇಲೆ."

"ರಾತ್ರಿ ಮಲಗಿದಾಗ?"

"ಇಲ್ಲ."

"ಬೂಟು ಬಿಚ್ಚಿದರೆ?"

"ಕಾಲು ತಾಸಿನಲ್ಲಿ ಹೋಗುತ್ತದೆ."

"ಹಂಗಾದರ ನನ್ನ ಕೇಳಬ್ಯಾಡ್ರಿ, ಬೂಟು ಮಾಡಿದವನ್ನ ಕೇಳ್ರಿ," ಎಂದು ಅವರು ಮುಂದಿನ ರೋಗಿಯನ್ನು ಕರೆದರು.

ಬೂಟು ಮಾಡಿದವನು ಯಾವ ದೇಶದಲ್ಲಿದ್ದಾನೋ! ನಾನು ಕೇಳಿದ್ದು ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ, ಗೋಣಿತಟ್ಟಿನ ನೆರಳಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಅಜ್ಜನನ್ನು. ಆತ ಬೂಟನ್ನು ಕೈಯಲ್ಲಿ ಹಿಡಿದು, ಎರಡೂ ತುದಿಗಳನ್ನು ಕೂಡಿಸಿ ಮಡಿಚಿದ. ರೊಟ್ಟಿಯಂತೆ ಮಡಿಚಿಕೊಂಡಿತು.

"ಇದು ಮೆತ್ತಗ ಐತಿ ಅಂತ ತಗೊಂಡ್ರೇನ್ರೀ ಸರ?"

"ಹೌದಜ್ಜಾ."

"ಮೆತ್ತಗಿದ್ದದ್ದು ಮಲಗಾಕ ಬೇಕು. ತುಳಿಯಾಕ ಅಲ್ಲ."

ಆಮೇಲೆ ಒಂದು ರಟ್ಟಿನ ಮೇಲೆ ನನ್ನನ್ನು ಬರಿಗಾಲಿನಲ್ಲಿ ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದ. ಆ ಗೆರೆಯ ಮೇಲೆ ಬೂಟನ್ನು ಇಟ್ಟಾಗ ಎರಡೂ ಬದಿಗೆ ನನ್ನ ಪಾದದ ಅಂಚು ಹೊರಗೆ ಉಳಿಯಿತು. ಅಜ್ಜ ನಗಲಿಲ್ಲ. ಸಾಯಂಕಾಲ ಬರಬೇಕೆಂದು ಹೇಳಿದ. ಐದು ಗಂಟೆಗೆ ಹೋದಾಗ ಅದೇ ರಟ್ಟಿನ ಮೇಲೆ ಅದೇ ಕಾಲಿನ ಸುತ್ತ ಎರಡನೆಯ ಗೆರೆ ಎಳೆದ. ಬೆಳಗಿನ ಗೆರೆಯ ಹೊರಗೆ ಸಂಜೆಯ ಗೆರೆ, ಹುಣ್ಣಿಮೆಯ ಚಂದ್ರನಿಗೆ ಕಣ ಕಟ್ಟಿದಂತೆ, ಸುತ್ತಲೂ ಹಬ್ಬಿ ನಿಂತಿತ್ತು! "ಮುಂಜಾನೆ ಬೂಟು ತಗೋಬಾರದ್ರೀ. ದಿನಾ ದುಡದು ಕಾಲು ಬಾತಿರತಾವಲ್ಲ, ಆಗ ತಗೋಬೇಕು," ಎಂದ.

ಅಜ್ಜನ ರಟ್ಟನ್ನೂ ಡಾಕ್ಟರರ ಮಾತನ್ನೂ ಕೂಡಿಸಿ ನಾನು ಲೆಕ್ಕ ಹಾಕಿದೆ. ನಮ್ಮ ಪಾದವೊಂದರಲ್ಲಿ 26 ಎಲುಬುಗಳುಂಟು. ಅವುಗಳಲ್ಲಿ ಐದು ಉದ್ದನೆಯವು ಬೆರಳುಗಳ ಬುಡದವರೆಗೆ ಬರುತ್ತವೆ. ಅವುಗಳ ನಡುನಡುವೆ ಬೆರಳುಗಳಿಗೆ ಹೋಗುವ ನರಗಳು ಹಾಯುತ್ತವೆ. ಸೆಕೆಗೆ ರಕ್ತನಾಳಗಳು ಹಿಗ್ಗಿ, ಜೋತಾಡುವ ಪಾದ ಬಾತುಕೊಳ್ಳುತ್ತದೆ. ಬೂಟು ಹಿಗ್ಗುವುದಿಲ್ಲ. ಆಗ ಎಲುಬುಗಳು ಒಂದಕ್ಕೊಂದು ಒತ್ತಿ ನಡುವಿನ ನರ ಗಾಣಕ್ಕೆ ಸಿಕ್ಕಿದಂತಾಗುತ್ತದೆ. ಇದು ಬದಿಯಿಂದ ಬರುವ ಪೀಡೆ. ಕೆಳಗಿನಿಂದ ಬರುವುದು ಬೇರೆ: ನಿಮಿಷಕ್ಕೆ 60 ಸುತ್ತು ತುಳಿದರೆ ನಮ್ಮೂರಿನ ಒಂದೂವರೆ ತಾಸಿನ ದಾರಿಗೆ ಒಂದೊಂದು ಪಾದಕ್ಕೆ 5,400 ತುಳಿತ. ನಡೆಯುವಾಗಲಾದರೆ ಭಾರವು ಹಿಮ್ಮಡಿಯಿಂದ ಬೆರಳಿಗೆ ಉರುಳುತ್ತ ಹೋಗುತ್ತದೆ. ಸೈಕಲ್ಲಿನಲ್ಲಿ ಅಷ್ಟೂ ತುಳಿತ ಒಂದೇ ಅಂಗೈಯಗಲದ ಜಾಗಕ್ಕೆ. ಅಟ್ಟೆ ಗಟ್ಟಿಯಾಗಿದ್ದರೆ ಒತ್ತಡ ಪಾದದ ತುಂಬ ಹರಡುತ್ತದೆ. ಹಪ್ಪಳದಂತಿದ್ದರೆ ಪೆಡಲಿನ ಕಬ್ಬಿಣವೇ ಅಂಗಾಲನ್ನು ಮಾತನಾಡಿಸುತ್ತದೆ.

ಅಜ್ಜನೇ ನನಗೆ ಒಂದು ಜೊತೆ ಪಾದರಕ್ಷೆಗಳನ್ನು ಹೊಲಿದುಕೊಟ್ಟ. ಮುಂದೆ ಅಗಲ, ಹಿಂದೆ ಪಟ್ಟಿ, ಕೆಳಗೆ ಹಳೆಯ ಟೈರಿನ ಅಟ್ಟೆ. ಹಳಗನ್ನಡದ 'ಕೆರ್ಪು' ನಮ್ಮ ಹಳ್ಳಿಗಳಲ್ಲಿ ಇಂದಿಗೂ 'ಕೆರ'ವಾಗಿ ಉಳಿದಿದೆ. ಈ ಜೊತೆಯನ್ನು ಚಪ್ಪಲಿಯೆಂದು ಕರೆಯುವುದಕ್ಕಿಂತ ಕೆರವೆಂದು ಕರೆಯುವುದೇ ಮರ್ಯಾದೆ. ರಾಜಕುಮಾರನ ಬೂಟುಗಳು ಈಗ ಅಟ್ಟದ ಮೇಲಿವೆ.

ಅಷ್ಟಾದರೂ ಉರಿ ಪೂರ್ತಿ ಹೋಗಲಿಲ್ಲ. ಹದಿನೆಂಟರಿಂದ ಇಪ್ಪತ್ತೆರಡಕ್ಕೆ ಹಿಂದೆ ಸರಿಯಿತು, ಅಷ್ಟೇ. ಉಳಿದದ್ದನ್ನು ಹೇಳಿಕೊಟ್ಟವನು ಅಪ್ಪ.

ಅಪ್ಪನ ಗಾಯ ಮಾಯಲಿಲ್ಲ. ಮುಳ್ಳು ಚುಚ್ಚಿದ ಕಡೆ ಕೀವು ತುಂಬಿ, ಕಿರುಬೆರಳು ಕಪ್ಪಾಗುತ್ತ ಬಂದಿತು. ಮೇ 7ರಂದು ನಮ್ಮ ಜಿಲ್ಲೆಯಲ್ಲಿ ಲೋಕಸಭೆಯ ಮತದಾನ. ನಾನು ಮತಗಟ್ಟೆಯ ಕೆಲಸದಲ್ಲಿದ್ದೆ. ದಿನವಿಡೀ ಅಪರಿಚಿತರ ಬೆರಳುಗಳಿಗೆ ಮಸಿ ಹಚ್ಚುವುದನ್ನು ನೋಡುತ್ತ ಕುಳಿತಿದ್ದವನಿಗೆ ಅಪ್ಪನ ಬೆರಳು ಕಣ್ಣಿನಿಂದ ಸರಿಯಲಿಲ್ಲ. ಎರಡು ದಿನಗಳ ಮೇಲೆ ಅದನ್ನು ತೆಗೆದರು. ಪಾದವನ್ನು ಉಳಿಸುವುದಕ್ಕಾಗಿ ತೆಗೆಯಲೇಬೇಕಾಗಿತ್ತು. "ಸಣ್ಣದು ಹೋತು, ಹೋಗಲಿ ಬಿಡು," ಎಂದು ಅಪ್ಪ ಅವ್ವನನ್ನು ಸಮಾಧಾನಪಡಿಸಿದ. ಆತನಿಗೆ ನೋವೇ ಇರಲಿಲ್ಲ. ಅಳು ಬಂದದ್ದು ನಮಗೆ.

ಊರಿಗೆ ಬಂದ ಮೇಲೆ ಬಾಜಿನ ಮೇಲೆ ಕಾಲು ಚಾಚಿಕೊಂಡು ಕೂರುವುದೇ ಆತನ ಕೆಲಸವಾಯಿತು. ಜೂನಿನ ಮೊದಲ ರವಿವಾರ ನಾನು ಅಂಗಳಕ್ಕೆ ಸೈಕಲ್ಲನ್ನು ತಿರುಗಿಸುತ್ತಿದ್ದಂತೆಯೇ ಆತ ಕೂಗಿದ:

"ಏ ತಮ್ಮಾ, ಇನ್ನೊಮ್ಮಿ ಹೊರಳಿ ಬಾ ನೋಡೂಣು."

ಬೀದಿಯ ತುದಿಯವರೆಗೂ ಹೋಗಿ ಬಂದೆ.

"ಬೆರಳಿನ ಬುಡದಾಗ ಯಾಕ ತುಳೀತಿ? ಕುದರಿ ಗೊರಸಿನ್ಯಾಗ ನಡದಂಗ. ನಡುಗಾಲು ಇಡು ಪೈಡಲ್ ಮ್ಯಾಲ. ಮತ್ತ ಭಾಳ ಗಟ್ಟಿ ತುಳಿಬ್ಯಾಡ, ಹಗೂರ ತಿರುಗಲಿ."

ಪ್ರಾಯದಲ್ಲಿ ಆತ ಹುಬ್ಬಳ್ಳಿಯ ಪೇಟೆಗೆ ಕರಿಯ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದ. ಹಿಂದಿನ ಕ್ಯಾರಿಯರಿನಲ್ಲಿ ಚೀಲ, ಮುಂದಿನ ದಂಡಿನ ಮೇಲೆ ನಾನು. ಅಗಲವಾದ ರಬ್ಬರಿನ ಪೆಡಲು, ಕಾಲಲ್ಲಿ ಕೆರ. ಉರಿಯೆಂಬುದನ್ನು ಆತ ಅರಿಯನು. ನಾನಾದರೋ ಹುಬ್ಬಳ್ಳಿಯ ಅಂಗಡಿಯವನು ತೋರಿಸಿಕೊಟ್ಟ ಪ್ರಕಾರ ಮುಂಗಾಲಿನಿಂದಲೇ ತುಳಿಯುತ್ತಿದ್ದೆ. ಓಟದ ಪಂದ್ಯಕ್ಕೆ ಅದು ಸರಿಯಿರಬಹುದು. ಮಜ್ಜಿಗೆ ಕುಡಿಯಲು ಊರಿಗೆ ಹೋಗುವವನಿಗೆ ಬೇಕಿಲ್ಲ. ಎರಡು ಬೆರಳಿನಷ್ಟು ಮುಂದಕ್ಕೆ ಕಾಲನ್ನು ಸರಿಸಿ, ಪೆಡಲು ನಡುಗಾಲಿಗೆ ಬರುವಂತೆ ಇಟ್ಟೆ. ಸೀಟನ್ನು ತುಸು ಇಳಿಸಿದೆ. ಒಂದು ಗೇರು ಕಡಿಮೆ ಮಾಡಿದೆ. ಎಂಟು ಕಿಲೋಮೀಟರಿಗೊಮ್ಮೆ ಇಳಿದು ನೂರು ಹೆಜ್ಜೆ ನಡೆದು, ಬೆರಳುಗಳನ್ನು ಅಗಲಿಸಿ ಮುಚ್ಚಿ, ನೀರು ಕುಡಿದು ಹತ್ತಿದೆ. ಬೇಸಗೆಯಲ್ಲಿ ಐದೂವರೆಗೇ ಮನೆ ಬಿಡುವುದನ್ನೂ ರೂಢಿ ಮಾಡಿಕೊಂಡೆ. ಮುಂದಿನ ಬೇಸಗೆಯಲ್ಲಿ, 2025ರ ಏಪ್ರಿಲ್ಲಿನಲ್ಲಿ, ಇದೇ ಕೆರ ತೊಟ್ಟು ಹುಬ್ಬಳ್ಳಿ ತಾಲೂಕಿನ ಕೋಳಿವಾಡಕ್ಕೆ ಹೋಗಿಬಂದೆ. ಕುಮಾರವ್ಯಾಸನ ಊರೆಂದು ಹೇಳುವ ಆ ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಕುಳಿತು ನನ್ನ ಪಾದಗಳನ್ನು ನೋಡಿಕೊಂಡೆ. ಸ್ವಲ್ಪ ಬೆಚ್ಚಗಿದ್ದವು, ಮಾತ್ರೆ ಕೆಟ್ಟಿರಲಿಲ್ಲ.

ಅಪ್ಪನಿಗೂ ಈಗ ಬೇರೆ ಚಪ್ಪಲಿ. ಆಸ್ಪತ್ರೆಯವರು ಹೇಳಿ ಮಾಡಿಸಿದ್ದು. ಒಳಗೆ ಮೆತ್ತನೆಯ ರಬ್ಬರು, ಹೊರಗೆ ಮುಳ್ಳು ತೂರದ ಅಟ್ಟೆ. ಮನೆಯೊಳಗೂ ಬರಿಗಾಲಿನಲ್ಲಿ ನಡೆಯಕೂಡದು. ಬಿಸಿನೀರನ್ನು ಮೊಣಕೈಯಿಂದ ಮುಟ್ಟಿ ನೋಡದೆ ಕಾಲಿಗೆ ಹಾಕಕೂಡದು. ಹಾಕುವ ಮೊದಲು ಚಪ್ಪಲಿಯೊಳಗೆ ಕೈಯಾಡಿಸಿ ನೋಡಬೇಕು. ದಿನಕ್ಕೊಮ್ಮೆ ಯಾರಾದರೂ ಅಂಗಾಲುಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ವಾರದ ಆರು ದಿನ ಅವ್ವ ಈ ಕೆಲಸವನ್ನು ಮಾಡುತ್ತಾಳೆ. ಕಂಚಿನ ಬಟ್ಟಲನ್ನು ತೊಳೆದು ಮಾಡದಲ್ಲಿ ಕವುಚಿ ಇಟ್ಟಿದ್ದಾಳೆ. ರವಿವಾರ ನನ್ನ ಪಾಳಿ.

ಹೋದ ರವಿವಾರವೂ ಹೋಗಿದ್ದೆ. ಕೆರ ಬಿಚ್ಚಿ, ಕೈಕಾಲು ತೊಳೆದುಕೊಂಡು, ಬಾಜಿನ ಕೆಳಗೆ ಕುಳಿತು ಅಪ್ಪನ ಎಡಗಾಲನ್ನು ತೊಡೆಯ ಮೇಲೆ ತೆಗೆದುಕೊಂಡೆ. ನಾಲ್ಕು ಬೆರಳಿನ ಪಾದ. ಬಿರುಕುಗಳಲ್ಲಿ ಎಷ್ಟು ತೊಳೆದರೂ ಹೋಗದ ಎರೆಮಣ್ಣಿನ ಕರಿ ಗೆರೆಗಳು. ಬೆರಳುಗಳ ಸಂದಿಗಳನ್ನು ಬಟ್ಟೆಯಿಂದ ಒರೆಸಿ, ಗಾಯವೇನೂ ಇಲ್ಲವೆಂದು ನೋಡಿ, ಹಿಮ್ಮಡಿಗೆ ಎಣ್ಣೆ ಸವರಿದೆ. ಅಪ್ಪ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು, ನನ್ನ ಕಾಲುರಿಯ ವಿಚಾರವನ್ನೇ ಕೇಳುತ್ತಿದ್ದ.

"ಇವತ್ತು ಉರೀತೇನು?"

"ಕಡೀಕ ಸ್ವಲ್ಪ."

"ಉರೀಲಿ ಬಿಡು," ಎಂದ. ಅನಂತರ ತುಸು ತಡೆದು, "ನನ್ನ ಕಾಲು ಹಿಡದೀಯೇನು ಈಗ?" ಎಂದು ಕೇಳಿದ.

"ಹಿಡದೇನಪ್ಪಾ. ಅಂಗಾಲಿನ ಕೆಳಗ ಐತಿ ಕೈ."

"ಹೌದಾ? ಹಂಗಾದರ ಇರಲಿ. ತಗೀಬ್ಯಾಡ."